ಕಂಬಳಿ ಕೊಪ್ಪೆಯಿಂದ ಬೈಕ್ ಜಾಕೆಟ್ಟಿಗೆ

ಕೋಲಾರದ ಕಡೆಯ ಹವೆಗೆ ಯಾವ ಬೈಕ್ ಜಾಕೆಟ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಕಂಬಳಿ. ನಗಬೇಡಿ. ಡಿಸೆಂಬರ್ ಬೆಳಗ್ಗೆ ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಮಂಜು ಕವಿದಿರುತ್ತದೆ. ಏಪ್ರಿಲ್ ಮಧ್ಯಾಹ್ನ ಮುಳಬಾಗಿಲಿನ ಬಂಡೆಗಳು ಮುಖಕ್ಕೆ ಬಿಸಿ ಊದುತ್ತವೆ. ಮಳೆಯೋ, ಜೂನ್‌ನಲ್ಲಿ ಆಸೆ ತೋರಿಸಿ ಸೆಪ್ಟೆಂಬರ್, ಅಕ್ಟೋಬರ್ ಸಂಜೆಗಳಲ್ಲಿ ಸುರಿಯುವಂಥದ್ದು. ಇದಕ್ಕೆಲ್ಲ ಕುರುಬರ ಬಳಿ ಒಂದೇ ಹೊದಿಕೆಯಿತ್ತು. ಒರಟು ಕುರಿಯುಣ್ಣೆಯನ್ನು ಕೈಯಲ್ಲಿ ನೂತು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ, ಗುಣಿಮಗ್ಗದಲ್ಲಿ ನೇಯ್ದದ್ದು. ನೆನೆದರೂ ಬೆಚ್ಚಗಿರುತ್ತದೆ. ಮೂಲೆ ಮಡಚಿ ತಲೆಗೆ ಹಾಕಿಕೊಂಡರೆ ಕೊಪ್ಪೆ, ಹಾಸಿಕೊಂಡರೆ ಹಾಸಿಗೆ. ಆದರೆ ಅದು ಕುರಿಯ ಹಿಂದೆ ನಡೆಯುವವನ ಬಟ್ಟೆ. ಅರವತ್ತರ ವೇಗದಲ್ಲಿ ಹಾರಿ ಚಕ್ರಕ್ಕೆ ಸಿಕ್ಕೀತು.

ವೇಗದ ಬಟ್ಟೆ ಹುಟ್ಟಿದ್ದು ಚಳಿ ದೇಶಗಳಲ್ಲಿ. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ಜಿಪ್ ಇಟ್ಟ 'ಪರ್ಫೆಕ್ಟೊ' ಚರ್ಮದ ಜಾಕೆಟ್ ಹೊಲಿಸಿದ. 1936ರಲ್ಲಿ ಇಂಗ್ಲೆಂಡಿನ ಬಾರ್ಬರ್ ಮೇಣ ಸವರಿದ ಹತ್ತಿಬಟ್ಟೆಯ ಸೂಟನ್ನು ತಂದಿತು. ಎರಡೂ ಗಾಳಿ, ಮಳೆಗೆ ಹೇಳಿ ಮಾಡಿಸಿದಂಥವು. ನಮ್ಮ ಏಪ್ರಿಲ್ಲಿಗೆ ಚರ್ಮದ ಜಾಕೆಟ್ ಎಂದರೆ ಒಲೆಯನ್ನೇ ತೊಟ್ಟಂತೆ. ಬಿದ್ದಾಗ ಟಾರಿಗೆ ಉಜ್ಜಿ ಬಟ್ಟೆ ಎಷ್ಟು ಹೊತ್ತು ತಡೆದೀತು ಎಂಬುದನ್ನು ಅಳೆಯುವ ಕೆಲಸ ಬಹಳ ತಡವಾಗಿ, ಕೇಂಬ್ರಿಡ್ಜಿನ ರೊಡೆರಿಕ್ ವುಡ್ಸ್ ಅಂಥವರಿಂದ ಆಯಿತು. ಯುರೋಪಿನ ಈಗಿನ ಮಾನಕ ಇಎನ್ 17092 ಬಂದದ್ದು 2020ರಲ್ಲಿ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ತಲೆಯನ್ನು ಮಾತ್ರ ಕಾಯುತ್ತದೆ. ಮೊಣಕೈ, ಬೆನ್ನು ನಮ್ಮ ನಮ್ಮ ಪಾಡು.

ಹಳೇ ಮದ್ರಾಸು ರಸ್ತೆಯ ಆ ತುದಿಯ ತಿರುವೊಟ್ಟಿಯೂರಿನಲ್ಲಿ 1950ರ ದಶಕದಿಂದ ಬುಲೆಟ್ ತಯಾರಾಯಿತು. ಈ ತುದಿಯ ನರಸಾಪುರದಲ್ಲಿ 2013ರಿಂದ ಹೋಂಡಾ. ಗಾಡಿಗೆ ಬರವಿಲ್ಲ. ಅದೇ ರಸ್ತೆಯಲ್ಲಿ ಹಾಲಿನ ಕ್ಯಾನು, ರೇಷ್ಮೆಗೂಡಿನ ಚೀಲ ಹೇರಿಕೊಂಡು, ಮಾಲೂರಿನ ಇಟ್ಟಿಗೆ ಲಾರಿಗಳ ಪಕ್ಕದಲ್ಲೇ ಹೋಗುವವರ ಮೈಮೇಲೆ ಇರುವುದು ಸ್ವೆಟರ್, ಅದರೊಳಗೆ ಎದೆಗೆ ತುರುಕಿದ ದಿನಪತ್ರಿಕೆ. ಚಳಿಗೆ ಸಾಕು, ಬಿದ್ದರೆ ಏನೇನೂ ಅಲ್ಲ. ಜಾಕೆಟ್ಟನ್ನು ಶೋಕಿ ಎನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುವುದು ಇಲ್ಲೇ.

ಕಂಬಳಿಯ ಹಾಗೆ ಎಲ್ಲಕ್ಕೂ ಒಂದೇ ಸಾಕು ಎನ್ನುವ ಜಾಕೆಟ್ಟನ್ನು ನಾನು ನಂಬುವುದಿಲ್ಲ. ಗಾಳಿಯಾಡುವ ಜಾಲರಿಯ ಜಾಕೆಟ್ ತೆಗೆದುಕೊಳ್ಳಿ, ಚೀಟಿಯಲ್ಲಿ ಎ ಅಥವಾ ಡಬಲ್ ಎ ದರ್ಜೆ ಇರಲಿ. ಬೆನ್ನಿಗೆ ಬರೀ ಸ್ಪಂಜು ಇಟ್ಟು ಮಾರುವುದುಂಟು. ಹಾಗಿದ್ದರೆ ಬೆನ್ನಿನ ರಕ್ಷಾಫಲಕವನ್ನು ಬೇರೆಯಾಗಿ ಕೊಳ್ಳಬೇಕು. ಒಳಗೆ ಹಾಕುವ ಮಳೆ ಪದರ ಬೇಡ: ಹೊರಬಟ್ಟೆ ನೀರು ಕುಡಿದು ಭಾರವಾಗಿ, ಗಾಳಿಗೆ ಮೈ ಕೊರೆಯುತ್ತದೆ. ಮೇಲೆ ತೊಡುವ ರೇನ್‌ಕೋಟ್ ಡಿಕ್ಕಿಯಲ್ಲಿರಲಿ. ಡಿಸೆಂಬರಿಗೆ ಒಳಗೊಂದು ಉಣ್ಣೆಯ ಸ್ವೆಟರ್. ಅಂಗಡಿಯಲ್ಲಿ ಹ್ಯಾಂಡಲ್ ಹಿಡಿದಂತೆ ಕೈ ಚಾಚಿ ನೋಡಿ. ಮೊಣಕೈಯ ಪ್ಯಾಡ್ ಜಾರಿದರೆ ಒಂದು ಸೈಜ್ ಚಿಕ್ಕದನ್ನು ಕೇಳಿ.