ದಾಖಲೆಯ ಬೀಗದಕೈ: ಮಧುಗಿರಿ ಉಪವಿಭಾಗವನ್ನು ಕುರಿತು ಒಂದು ವಿಚಾರ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗವಾಗಿದೆ. ಈ ಸೀಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪಾಳೆಯಗಾರರ ಗಿರಿದುರ್ಗಗಳನ್ನೂ 1687ರಲ್ಲಿ ಮೊಗಲರು ನೆಲೆಗೊಳಿಸಿದ ಸಿರಾ ಸುಭಾವನ್ನೂ ವರ್ಣಿಸಿ ವಿರಮಿಸುತ್ತಾರೆ. ನಾವು ಇಲ್ಲಿ ಎತ್ತಿಕೊಳ್ಳುವ ಪ್ರಶ್ನೆ ಅದಕ್ಕಿಂತ ಸಣ್ಣದು, ಆದರೆ ರೈತನಿಗೆ ಹೆಚ್ಚು ಹತ್ತಿರವಾದುದು: ಜಮೀನಿನ ದಾಖಲೆಯನ್ನು ತೆರೆಯುವ, ತಿದ್ದುವ ಅಧಿಕಾರ ಯಾರ ಕೈಯಲ್ಲಿತ್ತು?

ಶಾನುಭೋಗರ ಕಾಲಕ್ಕೆ ಉತ್ತರ ಸುಲಭ. ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಒರಸಿದವರು ಯಾರೆಂಬುದನ್ನು ಕಡತ ಹೇಳುತ್ತಿರಲಿಲ್ಲ. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಶಾಸನವು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಮೇಲೆ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೆ ಪಹಣಿಯ ಪುಸ್ತಕವು ಆಗಲೂ ಒಬ್ಬನ ವಶದಲ್ಲಿಯೇ ಉಳಿಯಿತು.

ನಿಜವಾದ ಪಲ್ಲಟವು 'ಭೂಮಿ' ಯೋಜನೆಯಿಂದ ಆಯಿತೆಂದು ನಮ್ಮ ಅಭಿಪ್ರಾಯ. 2002ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. 15 ರೂಪಾಯಿಗೆ ಪ್ರತಿ ಸಿಗುವಂತಾಯಿತು. (ಪಾವಗಡದ ಅನೇಕ ಮನೆಗಳಲ್ಲಿ ಮಾತು ತೆಲುಗು, ಪಹಣಿ ಮಾತ್ರ ಕನ್ನಡ, ಓದಿ ಹೇಳುವವನ ಅಗತ್ಯ ಅಲ್ಲಿ ತಪ್ಪಲಿಲ್ಲ.) ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೀರಿಸಬೇಕು, ಬರೆಯುವವನು ಒಬ್ಬ, ಒಪ್ಪುವವನು ಮತ್ತೊಬ್ಬ, ಇಬ್ಬರೂ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಕಡತ ಹೇಳದಿದ್ದುದನ್ನು ಯಂತ್ರ ಹೇಳತೊಡಗಿತು.

ಆದರೆ ಗಣಕದ ಉಗ್ರಾಣಕ್ಕೆ ಬಾಗಿಲು ಎರಡು. ಒಂದು, ತೆರೆಯ ಮೇಲೆ ಚಿತ್ರ, ಗುಂಡಿಗಳುಳ್ಳ ಕಿಟಕಿ. ಗುಮಾಸ್ತನಿಗೆ ಕಾಣುವುದು ಇದೇ. ಇನ್ನೊಂದು, ಕಪ್ಪು ತೆರೆಯ ಮೇಲೆ ಸಾಲುಸಾಲಾಗಿ ಆಜ್ಞೆಗಳನ್ನು ಬೆರಳಚ್ಚಿಸುವ ಕಮ್ಯಾಂಡ್ ಲೈನ್. ಇದು ಯಂತ್ರದ ಮೇಲ್ವಿಚಾರಕನದು. ಕಿಟಕಿಯಲ್ಲಿ ಗುಂಡಿಯನ್ನು ಮರೆಮಾಡಿದ ಮಾತ್ರಕ್ಕೆ ಬೀಗ ಹಾಕಿದಂತಾಗದು. ನಿರ್ಬಂಧವೆಲ್ಲ ಕಿಟಕಿಯಲ್ಲಿಯೇ ಇದ್ದರೆ, ಉಗ್ರಾಣದ ಗುಪ್ತಪದವನ್ನು ಬಲ್ಲವನು ಒಂದೇ ಸಾಲಿನ ಆಜ್ಞೆಯಿಂದ ಖಾತೆದಾರನ ಹೆಸರನ್ನು ಬದಲಿಸಬಲ್ಲನು. ಅವನು ಹೊಸ ಕಾಲದ ಶಾನುಭೋಗ. ಬಳಪ ಮಾತ್ರ ಬೇರೆ.

ದತ್ತಾಂಶವು ತಾಲ್ಲೂಕು ಕಚೇರಿಯ ಯಂತ್ರದಿಂದ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಹೋದಮೇಲೆ ಈ ಪ್ರಶ್ನೆಯೂ ಹಳ್ಳಿಯಿಂದ ದೂರ ಸರಿಯಿತು. 2006ರಲ್ಲಿ ಅಮೆಜಾನ್ ಸಂಸ್ಥೆ ಬಾಡಿಗೆಗೆ ಕೊಡತೊಡಗಿದ ಕ್ಲೌಡ್ ವ್ಯವಸ್ಥೆಯಲ್ಲಿ ಇದಕ್ಕೊಂದು ಸಮಾಧಾನವುಂಟು: ಕಿಟಕಿಯಿಂದ ಬಂದರೂ ಆಜ್ಞೆಯ ಸಾಲಿನಿಂದ ಬಂದರೂ ಕೋರಿಕೆಯು ಒಂದೇ ಚೌಕಿಯನ್ನು ಹಾಯಬೇಕು, ಅಲ್ಲಿ ನೋಡುವುದು ಬಂದವನ ಗುರುತನ್ನೂ ಅವನಿಗೆ ಕೊಟ್ಟ ಅಧಿಕಾರವನ್ನೂ. ಆದರೂ ಸಾಲಿನ ದಾರಿಗೆ ಬಳಸುವ ಕೀಲಿಯು ಹಲವೊಮ್ಮೆ ಕಡತದೊಳಗೆ ಬರೆದಿಟ್ಟ ಅಕ್ಷರಮಾಲೆ ಮಾತ್ರ. ನಕಲು ಮಾಡಿಕೊಂಡವನಿಗೂ ಅದು ಬಾಗಿಲು ತೆರೆಯುತ್ತದೆ. ಆದ್ದರಿಂದಲೇ ಕೆಲವು ಗಂಟೆಗಳಲ್ಲಿ ತೀರಿಹೋಗುವ ಕೀಲಿ, ಎರಡನೆಯ ಗುರುತು, ಕೆಲಸಕ್ಕೆ ತಕ್ಕಷ್ಟೇ ಅಧಿಕಾರ ಎಂಬ ನಿಯಮಗಳು ಹುಟ್ಟಿದವು.

ಇದರ ಬೆಲೆ ಪಾವಗಡದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಉದ್ಯಾನ ಹಬ್ಬಿದೆ. ಜಮೀನನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ವರ್ಷವರ್ಷದ ಹಣ ಸಲ್ಲುವುದು ದಾಖಲೆಯಲ್ಲಿ ಹೆಸರಿದ್ದವನಿಗೆ. ಅದೇ ನೆಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಪಹಣಿಯಲ್ಲಿ ಕಾಲಮ್ಮಿಲ್ಲ. ಪೌತಿ ಖಾತೆಯಾಗದ ಮನೆಯ ಮಕ್ಕಳಿಗೆ ಕಾಲಮ್ಮಿದ್ದರೂ ಹೆಸರಿಲ್ಲ.

ಹಕ್ಕು ಬದಲಾವಣೆಯ ಆದೇಶವನ್ನು ಒಪ್ಪದವರು ಭೂಕಂದಾಯ ಅಧಿನಿಯಮದ 136ನೆಯ ಪ್ರಕರಣದ ಪ್ರಕಾರ ಮಧುಗಿರಿಯ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿ ಯಾವ ಕೈ, ಯಾವ ದಿನ, ಯಾವ ದಾರಿಯಿಂದ ತಿದ್ದಿತೆಂಬುದು ಮುಖ್ಯವಾಗುತ್ತದೆ. ಕಿಟಕಿಯ ದಾರಿಗೆ ಬೆರಳಚ್ಚು ಸಾಕ್ಷಿ. ಆಜ್ಞೆಯ ದಾರಿಯಲ್ಲಿ ಮೂವರು ಒಂದೇ ಗುಪ್ತಪದವನ್ನು ಹಂಚಿಕೊಂಡಿದ್ದರೆ, ದಿನಚರಿಯಲ್ಲಿ ದಾಖಲಾಗುವ ಹೆಸರು ಒಂದೇ.