ಔಡಲ ಕಡ್ಡಿಯ ಬಿಲ್ಲು



ಮುಂಬಯಿಯಲ್ಲಿ ಮಗು ಹುಟ್ಟಿದರೆ ನಾವು ಪೇಡೆ ಹಂಚುತ್ತೇವೆ. ಕೊಡಗಿನಲ್ಲಿ ಹಿಂದೆ ಗಂಡುಮಗು ಹುಟ್ಟಿದರೆ ಅದರ ಪುಟ್ಟ ಕೈಗೆ ಔಡಲ ಕಡ್ಡಿಯ ಬಿಲ್ಲು, ಎಲೆದಂಟಿನ ಬಾಣ ಇಡುತ್ತಿದ್ದರು. ಅಂಗಳದಲ್ಲಿ ಒಂದು ಗುಂಡೂ ಹಾರುತ್ತಿತ್ತು. ನಾಳಿನ ಬೇಟೆಗಾರ ಬಂದನೆಂದು ಸಾರುವ ಬಗೆ ಅದು. 1870ರಲ್ಲಿ ಪ್ರಕಟವಾದ ಕೊಡಗಿನ ಕೈಪಿಡಿಯಲ್ಲಿ ರೆವರೆಂಡ್ ರಿಕ್ಟರ್ ಇದನ್ನು ದಾಖಲಿಸಿದ್ದಾರೆ.

ಬೇಟೆ ಒಬ್ಬನ ಕೆಲಸವಾಗಿರಲಿಲ್ಲ. ನಾಟಿ ಮುಗಿದು ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದಾಗ ಕೊಡವರ 'ಒಕ್ಕ', ಅಂದರೆ ಒಂದೇ ಮೂಲದ ಕುಟುಂಬದವರೆಲ್ಲ, ಐನ್‌ಮನೆಯಲ್ಲಿ ಸೇರಿ ಆಯುಧಗಳನ್ನು ಪೂಜಿಸುತ್ತಿದ್ದರು. ಬಳಿಕ ಹಿರಿಯರು, ಕಿರಿಯರು ಕೂಡಿಯೇ ಬೇಟೆಗೆ ಹೊರಡುತ್ತಿದ್ದರು. ಬಿಲ್ಲಿನ ಜಾಗಕ್ಕೆ ಕೋವಿ ಬಂದರೂ ಈ ಕೂಟ ಮುರಿಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿತು. ಈಗ ಹಬ್ಬದ ಗುರಿ ಮರದ ಮೇಲಿನ ತೆಂಗಿನಕಾಯಿ. ಸ್ಪರ್ಧೆಗಳಲ್ಲಿ ಹೆಣ್ಣುಮಕ್ಕಳೂ ಕೋವಿ ಹಿಡಿಯುತ್ತಾರೆ.

ಬೇಟೆ ನಿಂತದ್ದು ಒಳ್ಳೆಯದೇ. ಕಾಡಿನ ಜೀವಗಳೂ ಉಳಿಯಬೇಕಲ್ಲ! ಆದರೆ ಮನೆಮಂದಿ ಒಂದೆಡೆ ಸೇರುವುದೇ ನಿಂತುಹೋದರೆ? ಲೋಕಲ್ ಟ್ರೈನಿನ ವೇಳಾಪಟ್ಟಿಗೆ ಬದುಕನ್ನು ಕಟ್ಟಿಕೊಂಡ ನಾವು ಯೋಚಿಸಬೇಕಾದ ಮಾತಿದು.

ನಿಮ್ಮ ಊರಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕರೆಯುವ ಹಬ್ಬ ಯಾವುದು? ಪತ್ರ ಬರೆದು ತಿಳಿಸಿ. ಮಕ್ಕಳಿಗೂ ಹೇಳಿ.