ಯಾರ ಖಾತೆಗೆ ಜಮಾ?

ನಿವೃತ್ತನಾಗಿ ಮುಂಬಯಿ ಬಿಟ್ಟು ಊರಿಗೆ ಬಂದ ಮೇಲೆ ಪುತ್ತೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಪಂಚಾಯತಿಗೆ ಕೊಡುವ ಅರ್ಜಿ ಟೈಪ್ ಮಾಡಿಸುತ್ತಿದ್ದೆ. ಹುಡುಗನ ಬೆರಳು ಕಣ್ಣಿಗೆ ಕಾಣದಷ್ಟು ಬೇಗ ಓಡುತ್ತಿತ್ತು.

‘ಇದು ಯಾವ ಕೀಬೋರ್ಡು ಮಾರಾಯಾ?’

‘ನುಡಿ ಸರ್.’

‘ಮಾಡಿದ್ದು ಯಾರು?’

‘ಗವರ್ಮೆಂಟಿನವರಲ್ವಾ ಸರ್?’

ಅಲ್ಲ. ಆ ಕೀಲಿಮಣೆಯ ಬೇರು ನಮ್ಮ ಜಿಲ್ಲೆಯಿಂದಲೇ ಮುಂಬಯಿಗೆ ಹೋದವರೊಬ್ಬರ ತಲೆಯಲ್ಲಿದೆ. ಅವರು ಕೆ.ಪಿ. ರಾವ್, ಮಂಗಳೂರು ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾವ್, ಹುಟ್ಟಿದ್ದು 1940ರಲ್ಲಿ. ನಮ್ಮ ಕಡೆಯ ಜನ ಮುಂಬಯಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಹೋಟೆಲಿಗೆ, ಇಲ್ಲವೇ ನನ್ನ ಹಾಗೆ ಬ್ಯಾಂಕಿಗೆ. ಇವರು ಸೇರಿದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಮುಂದೆ ಭಾರತೀಯ ಲಿಪಿಗಳ ಫೋಟೋ ಟೈಪ್‌ಸೆಟ್ಟಿಂಗ್, ಮೋನೋಟೈಪ್ ಎಂದು ಅಕ್ಷರದ ಬೆನ್ನು ಹತ್ತಿದರು.

ಕನ್ನಡದ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಬೇರೆ ಬೇರೆ ಒತ್ತಿ ಜೋಡಿಸಬೇಕಿತ್ತು. ರಾಯರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು: ಐದೇ ಒತ್ತು. (ಡಿ ಎಂಬುದು ‘ದ’ಕ್ಕೆ ಹೋದ್ದರಿಂದ ‘ಡ’ ಪಾಪ ಡಬ್ಲ್ಯುಗೆ ಹೋಗಿ ಕೂತಿದೆ.) ಇಂಗ್ಲಿಷಿನ 26 ಕೀಲಿಗಳಲ್ಲೇ ನಮ್ಮ ವರ್ಣಮಾಲೆ ಹಿಡಿಯಿತು. ಅಕ್ಷರ ಹೇಗೆ ಕಾಣಬೇಕು ಎಂಬುದು ಯಂತ್ರದ ತಲೆನೋವು.

ತಾವು ಬರೆದ ತಂತ್ರಾಂಶಕ್ಕೆ ರಾಯರು ಇಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಬೇಕಾದವರು ಬಳಸಿಕೊಳ್ಳಿ ಅಂತ ಪುಕ್ಕಟೆ ಬಿಟ್ಟರು. 2000ದಲ್ಲಿ ರಾಜ್ಯ ಸರಕಾರ ಆ ವಿನ್ಯಾಸವನ್ನೇ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಅಧಿಕೃತವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತು ತಯಾರಿಸಿದ ‘ನುಡಿ’ಯೊಂದಿಗೆ ಅದು ಕಚೇರಿ ಕಚೇರಿಗೆ ಹೋಯಿತು. ಜನರ ಬಾಯಲ್ಲಿ ‘ನುಡಿ ಕೀಬೋರ್ಡ್’ ಆಯಿತು. ಪರವೂರಿನಿಂದ ಬಂದ ಮನಿಯಾರ್ಡರಿನ ಹಾಗೆ: ದುಡ್ಡು ಮನೆಗೆ ಸೇರುತ್ತದೆ, ಕಳಿಸಿದವನ ಹೆಸರಿನ ಕೂಪನ್ ಎಲ್ಲೋ ಹರಿದುಹೋಗುತ್ತದೆ.

ಹುಡುಗನನ್ನು ಬಯ್ಯುವ ಯೋಗ್ಯತೆ ನನಗಿಲ್ಲ. ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ. ಕೆಲವು ವರ್ಷ ಕಳೆದು ಫೋರ್ಟ್‌ನಲ್ಲಿದ್ದ ನಮ್ಮ ಶಾಖೆಗೂ ಒಂದು ಕಂಪ್ಯೂಟರ್ ಬಂತು. ಉಳಿತಾಯ ಖಾತೆಯ ಬಡ್ಡಿ ಆಗೆಲ್ಲ ತಿಂಗಳ 10ರಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿನ ಮೇಲೆ. (ದಿನದಿನದ ಶಿಲ್ಕಿನ ಲೆಕ್ಕ ಬಂದದ್ದು 2010ರ ಏಪ್ರಿಲಿನಲ್ಲಿ.) ಅರ್ಧವಾರ್ಷಿಕ ಬಡ್ಡಿ ಹಾಕುವಾಗ ಲೆಡ್ಜರ್ ಮುಂದೆ ರಾತ್ರಿ ಒಂಬತ್ತಾಗುತ್ತಿತ್ತು, ಕೊನೆಯ ಲೋಕಲ್ ತಪ್ಪುವ ಭಯ ಬೇರೆ. ಕಾರವಾರದ ಒಬ್ಬ ಗುಮಾಸ್ತ, ಡೊಂಬಿವಲಿಯಲ್ಲಿ ಬಾಡಿಗೆ ಕೋಣೆ, ಸಂಜೆ ಸಂಜೆ ಉಳಿದು ಡಿಬೇಸ್‌ನಲ್ಲಿ ಈ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆದ. ಅವನಿಗೆ ಯಾರೂ ಹೇಳಿರಲಿಲ್ಲ, ಓವರ್‌ಟೈಮೂ ಇರಲಿಲ್ಲ. ಎರಡು ಸಲ ಕೈಲೆಕ್ಕದೊಂದಿಗೆ ತಾಳೆ ನೋಡಿದೆವು. ಪೈಸೆಗೆ ಪೈಸೆ ಕೂತಿತು.

ಮೇಲಿನ ಕಚೇರಿಗೆ ಫ್ಲಾಪಿ ಕಳಿಸುವ ಪತ್ರ ಬರೆದವನು ನಾನು. ‘ನಮ್ಮ ಶಾಖೆಯಲ್ಲಿ ಸಿದ್ಧಪಡಿಸಲಾದ’ ಎಂದು ಬರೆದೆ. ಕರ್ಮಣಿ ಪ್ರಯೋಗ, ಮಾಡಿದವನ ಹೆಸರೇ ಬೇಡ! ನನಗೆ ಬೇಕೆಂದೇ ಬಿಟ್ಟ ನೆನಪಿಲ್ಲ, ಆದರೆ ಬರೆಯಬೇಕು ಅಂತಲೂ ಅನಿಸಲಿಲ್ಲ. ಆರು ತಿಂಗಳಿಗೆ ಸುತ್ತೋಲೆ ಬಂತು, ಹೊಗಳಿಕೆ ಕಂಪ್ಯೂಟರ್ ವಿಭಾಗಕ್ಕೆ. ಯಾರದೆಂದು ಗೊತ್ತಾಗದ ಜಮಾವನ್ನು ಬ್ಯಾಂಕಿನವರು ಸಂಡ್ರಿ ಖಾತೆಯಲ್ಲಾದರೂ ಇಡುತ್ತೇವೆ. ಇದನ್ನು ನೇರ ಬೇರೆಯವರ ಖಾತೆಗೆ ಹಾಕಿಬಿಟ್ಟೆವು. ಅವನು ಸುತ್ತೋಲೆ ಓದಿ ಎಲ್ಲರ ಜೊತೆ ಇನಿಶಿಯಲ್ ಹಾಕಿ ಮುಂದಿನ ಟೇಬಲ್ಲಿಗೆ ದಾಟಿಸಿದ.

ರಾಯರಿಗೆ 2013ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಅಂಗಡಿಯ ಹುಡುಗನಿಗೆ ಅಷ್ಟೂ ಕತೆ ಹೇಳಿದೆ. ‘ಹೌದಾ ಸರ್’ ಎಂದು ಕೀಲಿಗಳನ್ನೊಮ್ಮೆ ನೋಡಿದ.

ಇದನ್ನು ಬರೆಯುವ ಮೊದಲು ಡೊಂಬಿವಲಿಗೆ ಫೋನ್ ಮಾಡಿ, ನಿನ್ನ ಹೆಸರು ಹಾಕುತ್ತೇನೆ ಎಂದೆ. ‘ಬೇಡ ಸರ್, ಈಗ ಯಾಕೆ’ ಎಂದ.